ಹಿಮದ ಬೆಟ್ಟದ ಜಮಾಖರ್ಚು

ನಮ್ಮ ವಾಚನಾಲಯದ ಮೇಜಿನ ಸುತ್ತ ಸಂಜೆಯ ಹೊತ್ತು ಕೂಡುವ ಮಿತ್ರರಲ್ಲೊಬ್ಬರು ಕಳೆದ ಚಳಿಗಾಲವನ್ನು ಅಮೆರಿಕದ ಡೆನ್ವರ್ ನಗರದಲ್ಲಿ ಮಗನ ಮನೆಯಲ್ಲಿ ಕಳೆದು ಬಂದರು. ಅಲ್ಲಿಯ ಹಿಮದ ಬೆಟ್ಟಗಳನ್ನು ವರ್ಣಿಸುತ್ತಿದ್ದಾಗ ನಡುವೆ ಒಂದು ಸಂಶಯವನ್ನು ನಮ್ಮ ಮುಂದಿಟ್ಟರು. ಅವರ ಮಗ ಬೇಸಗೆಯಲ್ಲಿಯೇ ಒಂದು ಪಾಸು ಕೊಂಡಿದ್ದನಂತೆ. ಅದರ ಬೆಲೆ ಸಾವಿರ ಡಾಲರಿಗೆ ತುಸು ಮೇಲೆ. ಅದನ್ನು ಹಿಡಿದು ಚಳಿಗಾಲವೆಲ್ಲ ಹಲವು ಬೆಟ್ಟಗಳಲ್ಲಿ ಎಷ್ಟು ದಿನ ಬೇಕಾದರೂ ಜಾರಬಹುದು. ಆದರೆ ಒಂದೇ ಒಂದು ದಿನ ಜೊತೆಗೆ ಬರುತ್ತೇನೆಂದು ಹೊರಟ ಸೊಸೆಯ ತಮ್ಮನಿಗೆ ಬೆಟ್ಟದ ಬುಡದ ಕಿಟಕಿಯಲ್ಲಿ ಹೇಳಿದ ಬೆಲೆ ಮುನ್ನೂರು ಡಾಲರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿಗೂ ಮೇಲಾಯಿತು. "ನಾಲ್ಕು ದಿನ ಹೋದರೆ ಮಗನ ಪಾಸಿನ ದುಡ್ಡು ಹುಟ್ಟಿಹೋಯಿತು. ಐದನೆಯ ದಿನದಿಂದ ಆ ಬೆಟ್ಟದ ಒಡೆಯ ಹೊಟ್ಟೆಗೆ ಏನು ತಿನ್ನುತ್ತಾನೆ ಸ್ವಾಮಿ?" ಎಂದು ಅವರು ಕೇಳಿದರು.

ಎಲ್ಲರೂ ನಕ್ಕೆವು, ಆದರೆ ಪ್ರಶ್ನೆ ನಗೆಯದಲ್ಲ. ಒಂದೇ ಬೆಟ್ಟ, ಒಂದೇ ಹಿಮ, ಒಂದೇ ಕುರ್ಚಿ; ಒಬ್ಬನಿಗೆ ಒಂದು ಬೆಲೆ, ಇನ್ನೊಬ್ಬನಿಗೆ ಹತ್ತರಷ್ಟು. ಇದರ ಹಿಂದೆ ಒಂದು ಲೆಕ್ಕಾಚಾರ ಇರಲೇಬೇಕು. ಹುಡುಕಿ ಓದಿ ನಾವು ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಬೊಂಬಾಯಿಯ ಬಿಸಿಲಿನಲ್ಲಿ ಕುಳಿತವರಿಗೆ ಹಿಮದ ಮಾತೇಕೆ ಎನ್ನಬೇಡಿ. ನಮ್ಮವರ ಮಕ್ಕಳು ಮೊಮ್ಮಕ್ಕಳು ಇಂದು ಆ ಸೀಮೆಗಳಲ್ಲಿಯೇ ಬಾಳುತ್ತಿದ್ದಾರೆ. ಅಲ್ಲದೆ ಹಲವು ಬಗೆಯ ಜನ ಒಂದೇ ಜಾಗವನ್ನು ಹಂಚಿಕೊಳ್ಳಬೇಕಾದಾಗ ಏನಾಗುತ್ತದೆಂಬುದು ಎಲ್ಲ ಕಡೆಯ ಪ್ರಶ್ನೆಯೇ.

ಸ್ಕೀ ಎಂದರೇನೆಂದು ತಿಳಿಯದವರಿಗೆ ಮೊದಲು ಎರಡು ಮಾತು. ಮುಂತುದಿ ಮೇಲಕ್ಕೆ ಬಾಗಿದ ಎರಡು ಉದ್ದ ಪಟ್ಟಿಗಳನ್ನು ಎರಡು ಪಾದಗಳಿಗೆ ಬಿಗಿದುಕೊಂಡು ಹಿಮ ಕವಿದ ಇಳಿಜಾರಿನಲ್ಲಿ ಜಾರುವುದೇ ಸ್ಕೀ. ಇಳಿಯುವುದಕ್ಕೆ ಕಾಸಿಲ್ಲ, ಭೂಮಿಯ ಆಕರ್ಷಣೆ ಪುಕ್ಕಟೆ. ಕಾಸು ಬೀಳುವುದು ಮೇಲೆ ಹತ್ತುವುದಕ್ಕೆ. ಹಿಂದೆ ಜನ ಬೆಳಗಿನಿಂದ ಹತ್ತಿ ಸಂಜೆಗೆ ಒಮ್ಮೆ ಇಳಿಯುತ್ತಿದ್ದರು. ಹತ್ತಿಸುವ ಯಂತ್ರ ಬಂದಂದು ಅದು ಆಟದಿಂದ ವ್ಯಾಪಾರವಾಯಿತು.

ಆ ಯಂತ್ರದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಯೂನಿಯನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿಯಿತ್ತು, ಈಗಲೂ ಇದೆ. 1930ರ ದಶಕದಲ್ಲಿ ಅದರ ಅಧ್ಯಕ್ಷರಾಗಿದ್ದ ಆವರೆಲ್ ಹ್ಯಾರಿಮನ್ ಎಂಬವರಿಗೆ ಪಶ್ಚಿಮದ ಕಡೆಗೆ ಚಳಿಗಾಲದಲ್ಲಿ ಪ್ರಯಾಣಿಕರು ಬೇಕಾಗಿದ್ದರು. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿರುವಂಥ ಸ್ಕೀಧಾಮವೊಂದನ್ನು ರೈಲಿನ ದಾರಿಯಲ್ಲಿ ಕಟ್ಟಿಸಿದರೆ ಜನ ತಾವಾಗಿ ಬರುತ್ತಾರೆಂದು ಎಣಿಸಿ, ಆಸ್ಟ್ರಿಯದ ಶಾಫ್‌ಗೋಚ್ ಎಂಬ ಶ್ರೀಮಂತನನ್ನು ಜಾಗ ನೋಡಲು ಕಳಿಸಿದರು. ಆತ ಐಡಹೊ ರಾಜ್ಯದಲ್ಲಿ ತೋರಿಸಿದ ಜಾಗವೇ ಸನ್ ವ್ಯಾಲಿ. ಅದು ತೆರೆದದ್ದು 1936ರ ಡಿಸೆಂಬರಿನಲ್ಲಿ. ಜನರನ್ನು ಮೇಲೆ ಒಯ್ಯುವ ಉಪಾಯವನ್ನು ಕಂಡುಹಿಡಿದವರು ಕಂಪನಿಯ ಎಂಜಿನಿಯರಾಗಿದ್ದ ಜೇಮ್ಸ್ ಕರನ್. ಬಾಳೆಗೊನೆಗಳನ್ನು ಹಡಗಿಗೆ ತುಂಬಲು, ಓಡುವ ಹಗ್ಗಕ್ಕೆ ಕೊಕ್ಕೆಗಳನ್ನು ಕಟ್ಟಿ ಗೊನೆಗಳನ್ನು ನೇತುಹಾಕುವ ಏರ್ಪಾಡು ಅವರಿಗೆ ಗೊತ್ತಿತ್ತು. ಕೊಕ್ಕೆಯ ಬದಲು ಕುರ್ಚಿಯನ್ನು ನೇತುಹಾಕಿದರು, ಗೊನೆಯ ಬದಲು ಮನುಷ್ಯನನ್ನು ಕೂರಿಸಿದರು. ಜಗತ್ತಿನ ಮೊದಲ ಕುರ್ಚಿ-ಲಿಫ್ಟು ಹುಟ್ಟಿದ್ದು ಹೀಗೆ.

ಈ ಕಥೆಯಲ್ಲಿ ಗಮನಿಸಬೇಕಾದ್ದೊಂದಿದೆ. ರೈಲ್ವೆಯವರಿಗೆ ಸ್ಕೀಯಿಂದ ಲಾಭ ಮಾಡುವ ಆತುರವಿರಲಿಲ್ಲ. ಅವರಿಗೆ ಬೇಕಾಗಿದ್ದುದು ರೈಲಿನ ಟಿಕೆಟಿನ ಹಣ. ಅಂದರೆ ಹುಟ್ಟಿದ ದಿನದಿಂದಲೇ ಸ್ಕೀ ಬೆಟ್ಟವು ಬೇರೆ ಯಾವುದೋ ವ್ಯಾಪಾರದ ಗಾಳವಾಗಿತ್ತು.

ಕೊಲರಾಡೊ ರಾಜ್ಯದ ವೇಲ್ ಎಂಬ ಊರಿನಲ್ಲಿ ಇದು ಇನ್ನೂ ಸ್ಪಷ್ಟ. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಸೈನ್ಯದಲ್ಲಿ ಹೋರಾಡಿ ಗಾಯಗೊಂಡು ಮರಳಿದ ಪೀಟ್ ಸೀಬರ್ಟ್, ಆ ಕಡೆಯ ಕಾಡುಮೇಡು ಬಲ್ಲ ಅರ್ಲ್ ಈಟನ್ ಇಬ್ಬರೂ ಸೇರಿ ಒಂದು ಬೆಟ್ಟವನ್ನು ಗೊತ್ತುಮಾಡಿದರು. ಬೆಟ್ಟ ಸರ್ಕಾರದ ಅರಣ್ಯಕ್ಕೆ ಸೇರಿದ್ದು. ಕೆಳಗಿನ ಕಣಿವೆ ದನಕುರಿ ಸಾಕುವ ರೈತರದು. ಸ್ಕೀಧಾಮದ ಗುಟ್ಟು ಹೊರಬಿದ್ದರೆ ನೆಲದ ಬೆಲೆ ಏರುವುದೆಂದು, ಬೇಟೆ ಮೀನುಗಾರಿಕೆಯ ಕ್ಲಬ್ಬಿನ ಹೆಸರಿನಲ್ಲಿ ಕಣಿವೆಯ ನೆಲವನ್ನು ಕೊಂಡರು. ಮೊದಲ ಪಾಲುದಾರರಿಗೆ ಬೆಟ್ಟದ ಆಜೀವ ಪಾಸನ್ನೂ ಮನೆ ಕಟ್ಟಲು ನಿವೇಶನದ ಅವಕಾಶವನ್ನೂ ಕೊಟ್ಟರು. 1962ರ ಡಿಸೆಂಬರ್ 15ರಂದು ವೇಲ್ ತೆರೆದಾಗ ದಿನದ ಟಿಕೆಟು 5 ಡಾಲರು. ನಿಜವಾದ ಗಳಿಕೆ ಇದ್ದುದು ಕೆಳಗಿನ ನೆಲದಲ್ಲಿ. ಮೇಲೆ ಲಿಫ್ಟು ಓಡಿದಷ್ಟೂ ಕೆಳಗಿನ ನಿವೇಶನಗಳ ಬೆಲೆ ಏರಿತು.

ಪಶ್ಚಿಮ ಅಮೆರಿಕದ ದೊಡ್ಡ ಸ್ಕೀಧಾಮಗಳಲ್ಲಿ ಬಹಳಷ್ಟಕ್ಕೆ ಇದೇ ರಚನೆ. ಬೆಟ್ಟ ರಾಷ್ಟ್ರದ ಸ್ವತ್ತು, ಕಂಪನಿ ಕೇವಲ ಪರವಾನಿಗೆದಾರ. ಆದಾಯಕ್ಕೆ ತಕ್ಕಂತೆ ಶೇಕಡಾ ಒಂದೂವರೆಯಿಂದ ನಾಲ್ಕರವರೆಗೆ ಸರ್ಕಾರಕ್ಕೆ ಶುಲ್ಕ ತೆರಬೇಕು. ಬೆಟ್ಟ ಎಲ್ಲರದೂ ಎಂಬ ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಇನ್ನು ಖರ್ಚಿನ ಕಡೆ. ನಮ್ಮ ಊರವರು ಮಾಟುಂಗಾದಲ್ಲೋ ಫೋರ್ಟಿನಲ್ಲೋ ಹೋಟೆಲು ನಡೆಸಿದ್ದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದರೆ ಅಕ್ಕಿ, ಉದ್ದು, ಕಾಫಿಪುಡಿಯಾದರೂ ಉಳಿಯುತ್ತದೆ. ಬಾಡಿಗೆ ಮತ್ತು ಸಂಬಳ ಮಾತ್ರ ನಿಂತ ಖರ್ಚು. ಸ್ಕೀ ಬೆಟ್ಟದಲ್ಲಿ ಹೆಚ್ಚು ಕಡಿಮೆ ಎಲ್ಲವೂ ನಿಂತ ಖರ್ಚೇ. ಕುರ್ಚಿ-ಲಿಫ್ಟು ಒಬ್ಬನನ್ನು ಹೊತ್ತರೂ ಸಾವಿರ ಜನರನ್ನು ಹೊತ್ತರೂ ಮೋಟಾರು ಓಡಲೇಬೇಕು, ಹತ್ತಿಸುವವನು ಇಳಿಸುವವನು ಇಬ್ಬರೂ ನಿಲ್ಲಲೇಬೇಕು. ರಾತ್ರಿಯೆಲ್ಲ ಪಟ್ಟಿಚಕ್ರದ ಯಂತ್ರಗಳು ಹಿಮವನ್ನು ಹಸನುಮಾಡಲೇಬೇಕು. ಹಿಮಪಾತದ ಅಪಾಯವಿರುವೆಡೆ ನಸುಕಿಗೇ ಗಸ್ತಿನವರು ಹೋಗಿ ಸಿಡಿಮದ್ದು ಹಾಕಿ ಸಡಿಲ ಹಿಮವನ್ನು ಉರುಳಿಸಿಬಿಡಬೇಕು. ಇಷ್ಟೆಲ್ಲ ಆದಮೇಲೆ ಇನ್ನೊಬ್ಬ ಗಿರಾಕಿ ಬಂದರೆ ಅವನಿಂದಾಗುವ ಹೆಚ್ಚಿನ ಖರ್ಚು ಸೊನ್ನೆಗೆ ಸಮೀಪ.

ಅದರ ಮೇಲೆ ಹಂಗಾಮು ನಾಲ್ಕೈದು ತಿಂಗಳು. ಆ ನಾಲ್ಕೈದು ತಿಂಗಳಲ್ಲಿಯೂ ಜನ ಬರುವುದು ಕ್ರಿಸ್‌ಮಸ್ ವಾರ, ಜನವರಿ ಫೆಬ್ರವರಿಗಳ ರಜೆಯ ದಿನಗಳು, ಶನಿವಾರ ಭಾನುವಾರ. ಮಂಗಳವಾರ ಕುರ್ಚಿಗಳು ಗಾಳಿಯನ್ನು ಹೊತ್ತು ತಿರುಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಹಿಮ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆಯನ್ನೇ ನಂಬಿದ ಬಯಲುಸೀಮೆಯ ರೈತನಿಗೂ ಈ ಬೆಟ್ಟದೊಡೆಯನಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ. 1950ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ, ಒತ್ತಿದ ಗಾಳಿಯೊಡನೆ ನೀರನ್ನು ಸಿಂಪಡಿಸಿ ಹಿಮ ಮಾಡುವ ಬಂದೂಕನ್ನು ಕಂಡುಹಿಡಿದರು. ಅದು ದೊಡ್ಡ ಆಸರೆಯಾಯಿತು. ಆದರೆ ಅದಕ್ಕೂ ಚಳಿ ಬೇಕು, ಗಾಳಿ ಒಣಗಿರಬೇಕು, ಕೆರೆಯಲ್ಲಿ ನೀರಿರಬೇಕು, ಪಂಪಿಗೆ ವಿದ್ಯುತ್ತಿರಬೇಕು. ಅದೂ ಒಂದು ನಿಂತ ಖರ್ಚಾಗಿ ಪಟ್ಟಿಗೆ ಸೇರಿತು. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಏಳುನೂರಕ್ಕೂ ಹೆಚ್ಚು ಸ್ಕೀ ಬೆಟ್ಟಗಳಿದ್ದುವು. ಈಗ ಐನೂರಕ್ಕೂ ಕಡಿಮೆ. ಮುಚ್ಚಿದವುಗಳಲ್ಲಿ ಬಹುಪಾಲು ಸಣ್ಣ ಊರುಗಳ ಸಣ್ಣ ಗುಡ್ಡಗಳು.

ಹೀಗಿರುವಾಗ ಒಡೆಯನು ಮಾಡಬೇಕಾದ್ದೇನು? ಹಿಮ ಬೀಳುವ ಮೊದಲೇ ಹಣವನ್ನು ಕೈಗೆ ತೆಗೆದುಕೊಳ್ಳಬೇಕು. ಇದನ್ನು ಧೈರ್ಯವಾಗಿ ಮಾಡಿ ತೋರಿಸಿದ್ದು ದೊಡ್ಡ ಕಂಪನಿಯಲ್ಲ. ಐಡಹೊದ ಬಾಯ್ಸಿ ನಗರದ ಹತ್ತಿರ ಬೋಗಸ್ ಬೇಸಿನ್ ಎಂಬ, ಲಾಭಕ್ಕಾಗಿ ನಡೆಸದ ಒಂದು ಬೆಟ್ಟವಿದೆ. 1998ರಲ್ಲಿ ಅವರು ಸುಮಾರು 500 ಡಾಲರಿದ್ದ ಹಂಗಾಮಿನ ಪಾಸನ್ನು ಒಮ್ಮೆಲೆ 199 ಡಾಲರಿಗೆ ಇಳಿಸಿದರು. ಹಿಂದಿನ ವರ್ಷಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪಾಸುಗಳು ಹೋದವು. ಅದೇ ವರ್ಷ ಕೊಲರಾಡೊದ ವಿಂಟರ್ ಪಾರ್ಕ್ ಬೆಟ್ಟದವರು ನಾಲ್ವರು ಗೆಳೆಯರು ಕೂಡಿ ಬಂದರೆ ನಾಲ್ಕು ಪಾಸಿಗೆ 800 ಡಾಲರೆಂದು ಸಾರಿದರು. ನೆರೆಯ ಬೆಟ್ಟಗಳು ಸುಮ್ಮನಿರುವುದುಂಟೆ? ಅವೂ ಬೆಲೆ ಇಳಿಸಿದವು. ಹತ್ತು ವರ್ಷಗಳ ಮೇಲೆ, 2008ರಲ್ಲಿ, ಅಷ್ಟರಲ್ಲಿ ಹಲವು ಬೆಟ್ಟಗಳನ್ನು ಕೊಂಡು ಬೆಳೆದಿದ್ದ ವೇಲ್ ರಿಸಾರ್ಟ್ಸ್ ಕಂಪನಿ, ತನ್ನ ಬೆಟ್ಟಗಳಲ್ಲೆಲ್ಲ ನಡೆಯುವ ಎಪಿಕ್ ಪಾಸನ್ನು 579 ಡಾಲರಿಗೆ ಮಾರಿತು. 2018ರಲ್ಲಿ ಆಲ್ಟೆರಾ ಎಂಬ ಕಂಪನಿ ಐಕಾನ್ ಎಂಬ ಪಾಸಿನೊಡನೆ ಎದುರು ನಿಂತಿತು. ಉತ್ತರ ಅಮೆರಿಕದ ಹೆಸರಾಂತ ಬೆಟ್ಟಗಳಲ್ಲಿ ಬಹಳಷ್ಟು ಇಂದು ಈ ಎರಡು ಪಾಸುಗಳಲ್ಲಿ ಒಂದಕ್ಕೆ ಸೇರಿವೆ.

ಲೋಕಲ್ ರೈಲಿನ ಪಾಸು ಹಿಡಿದು ಓಡಾಡುವ ನಮಗೆ ಇದರಲ್ಲಿ ಹೊಸತೇನಿಲ್ಲವೆನ್ನಿಸಬಹುದು. ವ್ಯತ್ಯಾಸವಿದೆ. ರೈಲು ನಾಳೆ ಬರುವುದೆಂದು ನಮಗೆ ಗೊತ್ತು. ಹಿಮ ಬರುವುದೆಂದು ಯಾರಿಗೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಪಾಸು ಕೊಂಡವನು ಡಿಸೆಂಬರಿನ ಆಕಾಶದ ಅಪಾಯವನ್ನು ತನ್ನ ತಲೆಗೆ ಕಟ್ಟಿಕೊಂಡಿರುತ್ತಾನೆ. ಹಿಮ ಕಡಿಮೆ ಬಿದ್ದರೆ ಹಿಂದೆ ನಷ್ಟ ಒಡೆಯನದಾಗಿತ್ತು, ಈಗ ಬಹುಪಾಲು ಗಿರಾಕಿಯದು. ಆ ಅಪಾಯವನ್ನು ಹೊತ್ತುದಕ್ಕಾಗಿ ಕೊಡುವ ಸೋಡಿಯೇ ಪಾಸಿನ ಅಗ್ಗದ ಬೆಲೆ. ನಮ್ಮ ಮಿತ್ರರ ಮಗನಿಗೆ ಅಗ್ಗವಾಗಿ ಸಿಕ್ಕಿದ್ದು ಈ ಕಾರಣದಿಂದ.

ಹಾಗಾದರೆ ಮುನ್ನೂರು ಡಾಲರಿನ ಟಿಕೆಟು? ಅದು ಮುಖ್ಯವಾಗಿ ಮಾರುವುದಕ್ಕಾಗಿ ಇಟ್ಟ ಬೆಲೆಯಲ್ಲ, ಹೆದರಿಸುವುದಕ್ಕಾಗಿ ಇಟ್ಟ ಬೆಲೆ. ಅದನ್ನು ಕಂಡವನು ಮುಂದಿನ ವರ್ಷ ಬೇಸಗೆಯಲ್ಲೇ ಪಾಸು ಕೊಳ್ಳಬೇಕು, ಅಷ್ಟೆ. ವೇಲ್ ರಿಸಾರ್ಟ್ಸ್ ಕಂಪನಿಯ 2024ರ ಲೆಕ್ಕಪತ್ರದಿಂದ ಇದು ತಿಳಿಯುತ್ತದೆ. ಲಿಫ್ಟಿನ ವರಮಾನವನ್ನು ಬಂದ ಜನರ ಭೇಟಿಗಳಿಂದ ಭಾಗಿಸಿದರೆ ಒಂದು ಭೇಟಿಗೆ ಸಿಗುವುದು ಸುಮಾರು 80 ಡಾಲರು. ಅವರ ಬೆಟ್ಟಗಳಿಗೆ ಬರುವ ನಾಲ್ವರಲ್ಲಿ ಮೂವರು ಮೊದಲೇ ಪಾಸು ಕೊಂಡು ಬಂದವರು. ಆ ವರ್ಷ ಕಂಪನಿಯ ಒಟ್ಟು ವರಮಾನ ಸುಮಾರು 290 ಕೋಟಿ ಡಾಲರು. ಅದರಲ್ಲಿ ಅರ್ಧ ಮಾತ್ರ ಲಿಫ್ಟಿನದು. ಉಳಿದುದು ಕಲಿಸುವ ಶಾಲೆ, ಬಾಡಿಗೆಯ ಸ್ಕೀ ಮತ್ತು ಬೂಟು, ಅಂಗಡಿ, ಊಟ, ವಸತಿ ಮುಂತಾದವುಗಳಿಂದ. ಐದನೆಯ ದಿನದಿಂದ ಒಡೆಯನು ತಿನ್ನುವುದೇನೆಂದು ನಮ್ಮ ಮಿತ್ರರು ಕೇಳಿದ್ದರಲ್ಲವೆ? ಮಗನ ಮಧ್ಯಾಹ್ನದ ಊಟವನ್ನೇ ತಿನ್ನುತ್ತಾನೆ!

ಇಲ್ಲಿಯವರೆಗೆ ಒಡೆಯನ ಲೆಕ್ಕ ಸರಿಹೋಯಿತು. ಆದರೆ ಜನರ ಲೆಕ್ಕ ಬೇರೆ.

ಬೆಟ್ಟಕ್ಕೆ ಬರುವವರೆಲ್ಲ ಒಂದೇ ಜಾತಿಯವರಲ್ಲ. ಎರಡು ಗಂಟೆ ಕಾರು ಓಡಿಸಿಕೊಂಡು ಬಂದು, ಬುತ್ತಿ ಬಿಚ್ಚಿ ತಿಂದು, ಸಂಜೆಗೆ ಮನೆಗೆ ಮರಳುವ ನೆರೆಯೂರಿನವನೊಬ್ಬ. ವಿಮಾನದಲ್ಲಿ ಬಂದು ಒಂದು ವಾರ ತಂಗಿ, ಮಕ್ಕಳನ್ನು ಶಾಲೆಗೆ ಹಾಕಿ, ಮೂರು ಹೊತ್ತೂ ಹೋಟೆಲಿನಲ್ಲಿ ಉಣ್ಣುವ ಸಂಸಾರಸ್ಥನೊಬ್ಬ. ಮೊದಲನೆಯವನು ಬೆಟ್ಟವನ್ನು ಹೆಚ್ಚು ಬಳಸುತ್ತಾನೆ, ಕಡಿಮೆ ಕೊಡುತ್ತಾನೆ. ಎರಡನೆಯವನು ಬೆಳಿಗ್ಗೆ ಹತ್ತಕ್ಕೆ ಬಂದು ಮೂರಕ್ಕೆ ಇಳಿದರೂ ಹಲವು ಪಟ್ಟು ಕೊಡುತ್ತಾನೆ. ಆದರೆ ಮೊದಲನೆಯವನಿಲ್ಲದಿದ್ದರೆ ನವೆಂಬರಿನಲ್ಲಿ, ಮಾರ್ಚಿ ಕೊನೆಯಲ್ಲಿ ಬೆಟ್ಟ ಬಿಕೋ ಎನ್ನುತ್ತದೆ. ಇಬ್ಬರೂ ಕ್ರಿಸ್‌ಮಸ್ ವಾರದಲ್ಲಿ ಒಟ್ಟಿಗೆ ಬಂದರೋ, ಜಗಳ. ಆದುದರಿಂದಲೇ ಅಗ್ಗದ ದರ್ಜೆಯ ಪಾಸುಗಳು ಹಬ್ಬದ ದಿನಗಳಲ್ಲಿ ನಡೆಯುವುದಿಲ್ಲ. ಆ ದಿನಗಳನ್ನು ಹೆಚ್ಚು ಕೊಡುವವನಿಗೆ ಕಾದಿರಿಸಿರುತ್ತಾರೆ.

ಕುಶಲತೆಯಲ್ಲಿಯೂ ಭೇದಗಳಿವೆ. ಅಮೆರಿಕದಲ್ಲಿ ಸುಲಭದ ಇಳಿಜಾರಿಗೆ ಹಸಿರು ವೃತ್ತ, ನಡುವಿನದಕ್ಕೆ ನೀಲಿ ಚೌಕ, ಕಡಿದಾದುದಕ್ಕೆ ಕಪ್ಪು ವಜ್ರ ಎಂದು ಗುರುತು ಹಾಕಿರುತ್ತಾರೆ. ಜಾಹೀರಾತಿನ ಚಿತ್ರದಲ್ಲಿ ಯಾವಾಗಲೂ ಕಾಣುವವನು ಕಪ್ಪು ವಜ್ರದ ಶೂರ. ಬಿಲ್ಲು ತೆರುವವನು ನೀಲಿ ಚೌಕದ ಗೃಹಸ್ಥ. ಗೃಹಸ್ಥನಿಗೆ ರಾತ್ರಿ ಯಂತ್ರ ಓಡಿಸಿ ಮಗ್ಗುಲಿನ ಹಾಸಿಗೆಯಂತೆ ನುಣುಪು ಮಾಡಿದ ಹಿಮ ಬೇಕು. ಶೂರನಿಗೆ ಯಂತ್ರ ಮುಟ್ಟದ ಹೊಸ ಪುಡಿಹಿಮ ಬೇಕು. ಯಂತ್ರ ಓಡಿಸದಿದ್ದುದರಿಂದ ಶೂರನ ಇಳಿಜಾರು ಅಗ್ಗವೆಂದು ತಿಳಿಯಬೇಡಿ, ಸಿಡಿಮದ್ದಿನ ಖರ್ಚು ಬೀಳುವುದು ಅಲ್ಲಿಯೇ. ಅಂತೂ ಒಂದೇ ಬೆಟ್ಟವನ್ನು ಪಾಲುಮಾಡಿ ಇಬ್ಬರಿಗೂ ಕೊಡಬೇಕು. ಕಲಿಯುವವನ ಮೈಮೇಲೆ ಶೂರನು ಬಂದು ಬೀಳದಂತೆ ದಾರಿಗಳನ್ನು ಬೇರೆಮಾಡಬೇಕು. ಎರಡು ಪಟ್ಟಿಗಳ ಬದಲು ಒಂದೇ ಅಗಲ ಹಲಗೆಯ ಮೇಲೆ ನಿಂತು ಜಾರುವ ಹುಡುಗರು ಬಂದಾಗ ಇನ್ನೊಂದು ಗಲಾಟೆಯಾಯಿತು. ಮೊದಲು ಬಹುತೇಕ ಬೆಟ್ಟಗಳು ಅವರನ್ನು ಹೊರಗಿಟ್ಟವು. 1983ರಲ್ಲಿ ವರ್ಮಾಂಟಿನ ಸ್ಟ್ರಾಟನ್ ಬೆಟ್ಟ ಬಾಗಿಲು ತೆರೆಯಿತು. 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸಿನಲ್ಲಿ ಅದು ಪಂದ್ಯವೇ ಆಯಿತು. ಈಗ ಅಮೆರಿಕದಲ್ಲಿ ಹಲಗೆಯವರಿಗೆ ಪ್ರವೇಶವಿಲ್ಲವೆನ್ನುವ ಬೆಟ್ಟಗಳು ಮೂರೇ: ಯೂಟಾದ ಆಲ್ಟಾ ಮತ್ತು ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್.

ಜನ ಹೆಚ್ಚಾದರೆ ಲಿಫ್ಟನ್ನು ಜೋರಾಗಿ ಓಡಿಸಿದರಾಯಿತಲ್ಲ ಎಂದು ಯಾರಾದರೂ ಹೇಳಿಯಾರು. ಇದು ಈ ವಿಷಯದಲ್ಲಿ ನಮಗೆ ಅತ್ಯಂತ ಸೋಜಿಗವೆನಿಸಿದ ಭಾಗ. ಹಳೆಯ ಲಿಫ್ಟಿನಲ್ಲಿ ಕುರ್ಚಿಯು ಹಗ್ಗಕ್ಕೆ ಬಿಗಿದಂತೆಯೇ ಇರುವುದರಿಂದ ನಿಧಾನವಾಗಿ ಓಡಬೇಕು, ಇಲ್ಲವಾದರೆ ಹತ್ತುವವನು ಬೀಳುತ್ತಾನೆ. 1981ರಲ್ಲಿ ಕೊಲರಾಡೊದ ಬ್ರೆಕನ್‌ರಿಜ್ಜಿನಲ್ಲಿ ನಾಲ್ವರು ಕೂರುವ ಹೊಸ ಬಗೆಯ ಲಿಫ್ಟು ಬಂತು. ನಿಲ್ದಾಣದಲ್ಲಿ ಕುರ್ಚಿ ಹಗ್ಗದಿಂದ ಬಿಟ್ಟುಕೊಂಡು ಮೆಲ್ಲಗೆ ಸರಿಯುತ್ತದೆ, ಹೊರಟಮೇಲೆ ಮತ್ತೆ ಹಗ್ಗವನ್ನು ಹಿಡಿದು ಇಮ್ಮಡಿ ವೇಗದಲ್ಲಿ ಓಡುತ್ತದೆ. ಜನ ಸಂತೋಷಪಟ್ಟರು. ಆದರೆ ನಿಧಾನದ ಲಿಫ್ಟು ಒಂದು ಉಪಕಾರ ಮಾಡುತ್ತಿತ್ತು. ನೂರಾರು ಜನರನ್ನು ಹದಿನೈದು ನಿಮಿಷ ಗಾಳಿಯಲ್ಲಿ ಕೂರಿಸಿಟ್ಟುಕೊಳ್ಳುತ್ತಿತ್ತು. ಏಳು ನಿಮಿಷದಲ್ಲಿ ಮೇಲೆ ಬಿಟ್ಟರೆ ಅವರೆಲ್ಲ ಎಲ್ಲಿರಬೇಕು? ಇಳಿಜಾರಿನಲ್ಲಿ ಇರಬೇಕು, ಇಲ್ಲವೆ ಮತ್ತೆ ಕೆಳಗೆ ಬಂದು ಸಾಲಿನಲ್ಲಿ ನಿಲ್ಲಬೇಕು. ಗಂಟೆಗೆ ಹತ್ತಿಸುವವರ ಸಂಖ್ಯೆ ಬಹಳವೇನೂ ಬದಲಾಗದೆ, ಜಾರುವ ಜಾಗದಲ್ಲಿ ಮಾತ್ರ ನೂಕುನುಗ್ಗಲು ಬೆಳೆಯಿತು.

ಮ್ಯಾಡ್ ರಿವರ್ ಗ್ಲೆನ್ನಿನವರು ಇದನ್ನು ಚೆನ್ನಾಗಿ ಅರಿತವರು. 1995ರಲ್ಲಿ ಅಲ್ಲಿ ಸ್ಕೀ ಆಡುವವರೇ ಕೂಡಿ ಸಹಕಾರ ಸಂಘ ಮಾಡಿಕೊಂಡು ಬೆಟ್ಟವನ್ನು ಕೊಂಡರು. 1948ರಲ್ಲಿ ಹಾಕಿದ, ಒಬ್ಬೊಬ್ಬರೇ ಕೂರುವ ಕುರ್ಚಿ-ಲಿಫ್ಟು ಅಲ್ಲಿತ್ತು. ಅದು ಹಳತಾದಾಗ, ಇಬ್ಬರು ಕೂರುವುದನ್ನು ಹಾಕೋಣವೆ ಎಂದು ಸದಸ್ಯರ ಮುಂದಿಟ್ಟರೆ, ಒಬ್ಬರದೇ ಸಾಕು ಎಂದು ಬಹುಮತ ಬಂತು. 2007ರಲ್ಲಿ ಹಳೆಯದನ್ನೇ ಹಾಗೆಯೇ ಹೊಸದುಮಾಡಿ ನಿಲ್ಲಿಸಿದರು. ಕೆಳಗೆ ಕಾಯುತ್ತೇವೆ, ಮೇಲೆ ನಮಗೆ ಜಾಗವಿರಲಿ ಎಂಬುದು ಅವರ ತೀರ್ಮಾನ. ಹೊರಗಿನ ಷೇರುದಾರರಿಗೆ ಲಾಭ ತೋರಿಸಬೇಕಾದ ಕಂಪನಿ ಇಂಥ ತೀರ್ಮಾನವನ್ನು ಸುಲಭವಾಗಿ ಮಾಡಲಾರದು. ಡಿಯರ್ ವ್ಯಾಲಿಯವರು 1981ರಲ್ಲಿ ಬೇರೆ ದಾರಿ ಹಿಡಿದರು. ದಿನಕ್ಕೆ ಇಂತಿಷ್ಟೇ ಟಿಕೆಟು, ಆದರೆ ಬೆಲೆ ಮೇಲಿನದು. ಅಲ್ಲಿಯೂ ಸಾಲು ಕಡಿಮೆಯೇ. ಒಂದು ಕಡೆ ಸಾಲನ್ನು ಕಡಿಮೆಮಾಡಿದ್ದು ತಾಳ್ಮೆ, ಇನ್ನೊಂದು ಕಡೆ ಹಣ.

ಅಗ್ಗದ ಪಾಸಿನ ಇಕ್ಕಟ್ಟು ಬಯಲಾದದ್ದು 2021ರಲ್ಲಿ. ಆ ವರ್ಷ ವೇಲ್ ರಿಸಾರ್ಟ್ಸ್ ಪಾಸಿನ ಬೆಲೆಯನ್ನು ಶೇಕಡಾ 20ರಷ್ಟು ಇಳಿಸಿತು. ಪಾಸುಗಳು ಹಿಂದೆಂದೂ ಇಲ್ಲದಷ್ಟು ಖರ್ಚಾದವು. ಆದರೆ ಅದೇ ಚಳಿಗಾಲದಲ್ಲಿ ಕೊರೋನಾ ಹಾವಳಿಯ ನಡುವೆ ಕೆಲಸಗಾರರು ಸಾಲದಾದರು. ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬೆಟ್ಟದಲ್ಲಿ ಲಿಫ್ಟುಗಳನ್ನು ತೆರೆಯಲು ಆಳಿಲ್ಲದೆ ಇಳಿಜಾರಿನ ದೊಡ್ಡ ಭಾಗ ಮುಚ್ಚಿಯೇ ಇತ್ತು. ಹಣವನ್ನು ಮೊದಲೇ ಕೊಟ್ಟಿದ್ದವರು ಸಾವಿರಾರು ಮಂದಿ ಸಹಿ ಹಾಕಿ ಮನವಿ ಕಳಿಸಿದರು. ಮುಂಗಡ ಕೊಟ್ಟ ಗಿರಾಕಿಯ ಕೈಯಲ್ಲಿ ಮತ್ತೇನು ಉಳಿದಿರುತ್ತದೆ? ಮುಂದಿನ ಹಂಗಾಮಿಗೆ ಕಂಪನಿ ಕನಿಷ್ಠ ಕೂಲಿಯನ್ನು ಗಂಟೆಗೆ 20 ಡಾಲರಿಗೆ ಏರಿಸಿತು, ದಿನದ ಟಿಕೆಟುಗಳಿಗೂ ಮಿತಿ ಹಾಕಿತು.

ಕೂಲಿಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಕಣಿವೆಯ ನೆಲದ ಬೆಲೆ ಏರಿದ ಕಥೆಯನ್ನು ಮೇಲೆ ಹೇಳಿದೆವಷ್ಟೆ. ಅದರ ಇನ್ನೊಂದು ಮುಖವೆಂದರೆ, ಲಿಫ್ಟು ನಡೆಸುವವರು, ಪಾತ್ರೆ ತೊಳೆಯುವವರು, ಪಾಠ ಹೇಳುವವರು ಆ ಊರಿನಲ್ಲಿ ಒಂದು ಕೋಣೆಯ ಬಾಡಿಗೆಯನ್ನೂ ತೆರಲಾರದೆ ದೂರದಿಂದ ಬಸ್ಸಿನಲ್ಲಿ ಬರಬೇಕಾದುದು. 2024ರ ಡಿಸೆಂಬರ್ 27ರಂದು, ಕ್ರಿಸ್‌ಮಸ್ ವಾರದ ನಟ್ಟನಡುವೆ, ಯೂಟಾದ ಪಾರ್ಕ್ ಸಿಟಿ ಬೆಟ್ಟದ ಸುಮಾರು 200 ಮಂದಿ ಗಸ್ತಿನವರು ಮುಷ್ಕರ ಹೂಡಿದರು. ಆರಂಭದ ಕೂಲಿ ಗಂಟೆಗೆ 21 ಡಾಲರಿದ್ದುದು 23 ಆಗಬೇಕೆಂಬುದು ಅವರ ಮುಖ್ಯ ಬೇಡಿಕೆ. ಗಸ್ತಿನವರು ಸಿಡಿಮದ್ದು ಹಾಕದೆ ಮೇಲಿನ ಇಳಿಜಾರುಗಳನ್ನು ತೆರೆಯುವಂತಿಲ್ಲ. ವಿಮಾನದಲ್ಲಿ ಬಂದಿದ್ದ ಸಂಸಾರಗಳು ತೆರೆದಿದ್ದ ಕೆಲವೇ ಲಿಫ್ಟುಗಳ ಮುಂದೆ ಗಂಟೆಗಟ್ಟಲೆ ನಿಂತವು. ಹನ್ನೆರಡು ದಿನಗಳ ಮೇಲೆ ಒಪ್ಪಂದವಾಯಿತು. ಎರಡು ಡಾಲರನ್ನು ಉಳಿಸಹೋಗಿ ಕಳೆದುಕೊಂಡ ಹೆಸರು ಎಷ್ಟೆಂದು ಯಾವ ಲೆಕ್ಕಪತ್ರದಲ್ಲಿಯೂ ಬರೆದಿರುವುದಿಲ್ಲ.

ಸಾಲು ಬೆಳೆದರೆ ಸಾಲನ್ನೇ ಮಾರುವವರೂ ಉಂಟು. ನಮ್ಮ ದೊಡ್ಡ ಕ್ಷೇತ್ರಗಳಲ್ಲಿ ವಿಶೇಷ ದರ್ಶನದ ಚೀಟಿಯಿರುವಂತೆ, 2021ರಲ್ಲಿ ಕೆಲವು ಬೆಟ್ಟಗಳು ಹೆಚ್ಚಿನ ಹಣಕ್ಕೆ ಬೇರೆ ಸಾಲನ್ನು ತೆರೆದವು. ಒರೆಗಾನಿನ ಬ್ಯಾಚಲರ್ ಬೆಟ್ಟದಲ್ಲಿ ಇದಕ್ಕೆ ವಿರೋಧ ಬಂತು. ಆ ರಾಜ್ಯದ ಸೆನೆಟರ್ ರಾನ್ ವೈಡನ್ನರೂ ದನಿಗೂಡಿಸಿದರು. ಬೆಟ್ಟ ರಾಷ್ಟ್ರದ ಸ್ವತ್ತಾಗಿರುವಾಗ ಅಲ್ಲಿ ಹಣವಂತನಿಗೊಂದು ಬಾಗಿಲು, ಇಲ್ಲದವನಿಗೊಂದು ಬಾಗಿಲು ಸರಿಯೆ ಎಂಬುದು ವಾದ. ಕಂಪನಿಯವರ ಉತ್ತರ, ಆ ಹೆಚ್ಚಿನ ಹಣವೇ ಲಿಫ್ಟನ್ನು ನಡೆಸುತ್ತದೆ ಎಂದು. ಎರಡರಲ್ಲಿಯೂ ಹುರುಳಿದೆ; ನಮ್ಮ ಒಲವು ಸೆನೆಟರರ ಕಡೆಗೆ.

ದೆಹಲಿಯ ಬಳಗದವರಿಗೆ ಗುಲ್ಮಾರ್ಗ್ ಪರಿಚಿತ. ಅಲ್ಲಿಯ ಗೊಂಡೋಲದ ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ತೆರೆಯಿತು. ಅದು ಸುಮಾರು 3,950 ಮೀಟರಿನವರೆಗೆ ಒಯ್ಯುತ್ತದೆ. ನಡೆಸುವುದು ಸರ್ಕಾರದ ನಿಗಮ. ಅದರಲ್ಲಿ ಕೂರುವವರಲ್ಲಿ ಬಹುಪಾಲು ಜನ ಸ್ಕೀ ಆಡುವವರಲ್ಲ. ಹಿಮವನ್ನು ಮುಟ್ಟಿ, ಚಿತ್ರ ತೆಗೆಸಿಕೊಂಡು ಇಳಿಯುವ ಪ್ರವಾಸಿಗಳು. ಬೇಸಗೆಯಲ್ಲಿಯೂ ಅದು ಓಡುತ್ತದೆ. ಅಲ್ಲಿಯ ಲೆಕ್ಕವೇ ಬೇರೆ. ಸ್ಕೀ ಆಡುವವನು ಅಲ್ಲಿ ಪ್ರವಾಸಿಯ ಹಣದ ನೆರಳಿನಲ್ಲಿ ಮೇಲೇರುತ್ತಾನೆ.

ಎಲ್ಲರಿಗಿಂತ ಕೊನೆಗೆ ಉಳಿಯುವವನು ಹೊಸಬ. ಪಾಸುಗಾರನಿಗೆ ಅಗ್ಗ, ಧನಿಕನಿಗೆ ಬೇರೆ ಸಾಲು. ಒಂದು ದಿನ ಪ್ರಯತ್ನಿಸಿ ನೋಡೋಣವೆಂದು ಬಂದವನಿಗೆ ಮುನ್ನೂರು ಡಾಲರು. ಮೊದಲ ದಿನ ಬಿದ್ದು ಎದ್ದು ನಡುಗಿದ ಹೊಸಬರಲ್ಲಿ ಆಟವನ್ನು ಹಿಡಿದುಕೊಳ್ಳುವವರು ಆರೇಳು ಮಂದಿಗೆ ಒಬ್ಬರೆಂದು ಆ ಉದ್ಯಮದವರೇ ಅಂದಾಜು ಮಾಡಿದ್ದುಂಟು. ಅವನೂ ಕಿಟಕಿಯಿಂದಲೇ ಹಿಂದಿರುಗಿದರೆ ಇಪ್ಪತ್ತು ವರ್ಷಗಳ ಮೇಲೆ ಪಾಸು ಕೊಳ್ಳುವವರು ಯಾರು? ಹಿಂದೆ ಹೊಸಬರನ್ನು ತಯಾರುಮಾಡುತ್ತಿದ್ದವು ಆ ಮುಚ್ಚಿಹೋದ ಸಣ್ಣ ಗುಡ್ಡಗಳು. ಕಂಪನಿಗಳಿಗೂ ಇದು ಈಗ ತಟ್ಟಿದಂತಿದೆ. ವೇಲ್ ರಿಸಾರ್ಟ್ಸಿನಲ್ಲಿ ಮಾರಾಟವಾದ ಪಾಸುಗಳ ಸಂಖ್ಯೆ 2024ರಲ್ಲಿ ಇಳಿಯಿತು, 2025ರಲ್ಲಿಯೂ ಇಳಿಯಿತು. ಪಾಸಿನ ಪದ್ಧತಿಯನ್ನು ಕಟ್ಟಿದ ರಾಬ್ ಕ್ಯಾಟ್ಜ್ ಎಂಬವರನ್ನೇ 2025ರ ಮೇ ತಿಂಗಳಲ್ಲಿ ಮತ್ತೆ ಮುಖ್ಯಾಧಿಕಾರಿಯಾಗಿ ಕರೆತಂದರು. ಅದೇ ವರ್ಷ, ಪಾಸುಗಾರನು ಕರೆತರುವ ಗೆಳೆಯನಿಗೆ ಟಿಕೆಟಿನಲ್ಲಿ ಅರ್ಧ ಸೋಡಿಯೆಂದು ಸಾರಿದರು.

ಸೊಸೆಯ ತಮ್ಮ ಏನು ಮಾಡಿದನೆಂದು ನಮ್ಮ ಮಿತ್ರರನ್ನು ಆಮೇಲೆ ವಿಚಾರಿಸಿದೆವು. ಅವನು ಮೇಲೆ ಹೋಗಲಿಲ್ಲವಂತೆ. ಭಾವ ಇಳಿದು ಬರುವವರೆಗೆ ಬುಡದ ಹೋಟೆಲಿನಲ್ಲಿ ಕಿಟಕಿಯ ಬಳಿ ಕೂತು, ಒಂದು ಬಟ್ಟಲು ಟೊಮೇಟೊ ಸಾರು ಕುಡಿದನಂತೆ. ಅದಕ್ಕೆ ಎಷ್ಟಾಯಿತೆಂದು ಕೇಳಿದರೆ, "ಅದನ್ನು ಮಾತ್ರ ಅವನು ಅಕ್ಕನಿಗೂ ಹೇಳಲಿಲ್ಲ" ಎಂದರು.